ಸುಣ್ಣ, ಕಣ್ಣು ಮತ್ತು ಗರ್ಭಪೊರೆ: ಒಂದು ಚಿಕಿತ್ಸೆಯ ಚರಿತ್ರೆ

ಮುಂಗಾರು ಹಿಡಿಯುವ ಮುನ್ನ ಕೊಡಗಿನ ನಾಪೋಕ್ಲು ಸುತ್ತಿನ ತೋಟಗಳಲ್ಲಿ ಬೋರ್ಡೋ ದ್ರಾವಣ ಕಲಸುವ ಕೆಲಸ ನಡೆಯುತ್ತದೆ. ಮೆಣಸಿನ ಬಳ್ಳಿಗೆ ಹೊಡೆಯುವ ಶೇ 1ರ ದ್ರಾವಣಕ್ಕೆ 100 ಲೀಟರ್ ನೀರು, 1 ಕೆ.ಜಿ. ಮೈಲುತುತ್ತ, 1 ಕೆ.ಜಿ. ಸುಣ್ಣ. ಬಳ್ಳಿಯನ್ನು ಸೊರಗು ರೋಗದಿಂದ ಕಾಯುವ ಈ ಸುಣ್ಣ ಕಣ್ಣಿಗೆ ಸಿಡಿದರೆ ಮಾತ್ರ ಅಪಾಯಕಾರಿ. ಸುಣ್ಣದ ಕ್ಷಾರವು ಅಂಗಾಂಶವನ್ನು ಕರಗಿಸುತ್ತ ಒಳಕ್ಕಿಳಿಯುತ್ತದೆ. ಕಪ್ಪುಗುಡ್ಡೆಯ ಅಂಚಿನ 'ಲಿಂಬಸ್' ಪಟ್ಟಿಯಲ್ಲಿರುವ ಆಕರಕೋಶಗಳು (ಸ್ಟೆಮ್ ಸೆಲ್) ಸತ್ತರೆ ಕಣ್ಣಿನ ಮುಂಭಾಗದ ಪಾರದರ್ಶಕ ಪಟಲವಾದ ಕಾರ್ನಿಯಾ ತನ್ನ ಮೇಲ್ಪದರವನ್ನು ಮತ್ತೆ ಕಟ್ಟಿಕೊಳ್ಳಲಾರದು. ರಕ್ತನಾಳಗಳು ನುಗ್ಗಿ ನೋಟ ಮಬ್ಬಾಗುತ್ತದೆ.

ತಡಮಾಡದೆ ಧಾರಾಳ ನೀರಿನಲ್ಲಿ ತೊಳೆಯುವುದೇ ಮೊದಲ ಚಿಕಿತ್ಸೆ. ಮುಂದಿನ ಚಿಕಿತ್ಸೆಯ ಚರಿತ್ರೆ ಹೆರಿಗೆ ಕೋಣೆಯಿಂದ ಶುರುವಾಗುತ್ತದೆ.

ಗರ್ಭಜಲವನ್ನೂ ಶಿಶುವನ್ನೂ ಸುತ್ತಿಕೊಂಡಿರುವ ತೆಳ್ಳನೆಯ ಒಳಪೊರೆಯೇ ಆಮ್ನಿಯಾನ್. ಅದರಲ್ಲಿ ರಕ್ತನಾಳಗಳಿಲ್ಲ. ಮಾಸಿನೊಂದಿಗೆ ಎಸೆಯುತ್ತಿದ್ದ ಗರ್ಭಪೊರೆಗಳನ್ನು 1910ರಲ್ಲಿ ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆಯ ಜಾನ್ ಸ್ಟೇಜ್ ಡೇವಿಸ್ ಚರ್ಮದ ಕಸಿಗೆ ಬಳಸಿದರು. 1940ರಲ್ಲಿ ನೇತ್ರವೈದ್ಯ ಡಿ ರೋತ್ ಅವನ್ನು ಕಣ್ಣಿಗೆ ತಂದರು, ಗೆಲುವು ಅಷ್ಟಕ್ಕಷ್ಟೆ. 1946ರಲ್ಲಿ ಬ್ರಿಟನ್ನಿನ ಸಾರ್ಸ್‌ಬಿ ಮತ್ತು ಸೈಮನ್ಸ್ ಸುಣ್ಣದಂಥ ಕ್ಷಾರಗಳಿಂದ ಸುಟ್ಟ ಕಣ್ಣುಗಳಿಗೆ ಆಮ್ನಿಯಾನ್ ಹೊದಿಸಿದ ಅನುಭವವನ್ನು ಪ್ರಕಟಿಸಿದರು. ಆಮೇಲೆ ದಶಕಗಳ ಕಾಲ ನೇತ್ರವೈದ್ಯರ ಬರಹಗಳಲ್ಲಿ ಈ ಪೊರೆಯ ಮಾತು ಹೆಚ್ಚುಕಡಿಮೆ ನಿಂತೇಹೋಯಿತು. 1995ರಲ್ಲಿ ಕಿಮ್ ಮತ್ತು ತ್ಸೆಂಗ್ ಮೊಲಗಳ ಮೇಲೆ ನಡೆಸಿದ ಪ್ರಯೋಗ ಅದಕ್ಕೆ ಮರುಜೀವ ಕೊಟ್ಟಿತು.

ಇಲ್ಲೊಂದು ಸ್ವಾರಸ್ಯವಿದೆ. ಶೀತಲೀಕರಿಸಿಟ್ಟ ಪೊರೆಯಲ್ಲಿ ಜೀವಕೋಶಗಳು ಬಹುಪಾಲು ಸತ್ತಿರುತ್ತವೆ. ಆದರೂ ಅದು ಉರಿಯೂತ ತಗ್ಗಿಸುತ್ತದೆ, ಹೊಸ ಕೋಶಗಳಿಗೆ ನೆಲೆಯಾಗುತ್ತದೆ. ಕಾಫಿ ನರ್ಸರಿಯ ಭಾಷೆಯಲ್ಲಿ ಹೇಳುವುದಾದರೆ ಪೊರೆ ಬರಿಯ ಪಾತಿ; ಸಸಿ ಬೇರೆಡೆಯಿಂದ ಬರಬೇಕು.

ಹೈದರಾಬಾದಿನ ಎಲ್.ವಿ. ಪ್ರಸಾದ್ ನೇತ್ರ ಸಂಸ್ಥೆಯ ವೀರೇಂದ್ರ ಸಂಗ್ವಾನ್ ಮತ್ತು ಸಂಗಡಿಗರು 2012ರಲ್ಲಿ ಪ್ರಕಟಿಸಿದ 'ಸ್ಲೆಟ್' ವಿಧಾನ ನಡೆಯುವುದು ಹೀಗೆಯೇ. ರೋಗಿಯ ಚೆನ್ನಾಗಿರುವ ಇನ್ನೊಂದು ಕಣ್ಣಿನ ಲಿಂಬಸ್‌ನಿಂದ ಸುಮಾರು 2 ಮಿ.ಮೀ. ಚೌಕದ ಚೂರು ತೆಗೆದು, ಅದನ್ನು ಸಣ್ಣ ತುಣುಕುಗಳಾಗಿ ಕತ್ತರಿಸಿ, ಸುಟ್ಟ ಕಣ್ಣಿನ ಮೇಲೆ ಹಾಸಿದ ಆಮ್ನಿಯಾನ್‌ಗೆ ಅಂಟಿಸುತ್ತಾರೆ. ಕೋಶ ಬೆಳೆಸಲು ಪ್ರಯೋಗಾಲಯ ಬೇಕಿಲ್ಲ.

ಪೊರೆಯದು ಹಳೆಯ ಕತೆ; ಅದು ಸುತ್ತಿಕೊಂಡಿರುವ ಗರ್ಭಜಲದ ಆಕರಕೋಶಗಳ ಕತೆ ಇನ್ನೂ ಎಳೆಯದು. ಪಾವೊಲೊ ಡಿ ಕೊಪ್ಪಿ, ಆಂಟನಿ ಅಟಾಲ ಮತ್ತು ಸಂಗಡಿಗರು ಅವನ್ನು ಬೇರ್ಪಡಿಸಿದ್ದನ್ನು ವರದಿ ಮಾಡಿದ್ದು 2007ರಲ್ಲಿ. ಗರ್ಭಜಲ ಪರೀಕ್ಷೆಯಲ್ಲಿ ಸಿಗುವ ಕೋಶಗಳಲ್ಲಿ ಇವು ಶೇ 1ರಷ್ಟು. ಸುಮಾರು 36 ಗಂಟೆಗೊಮ್ಮೆ ಇಮ್ಮಡಿಸುತ್ತವೆ. ಮೂಳೆ, ಕೊಬ್ಬು, ನರಕೋಶಗಳ ಲಕ್ಷಣ ತಾಳಬಲ್ಲವು. ಇಲಿಗಳಲ್ಲಿ ಗೆಡ್ಡೆ ಕಟ್ಟಲಿಲ್ಲ. ಆಸೆ ಚಿಗುರಿದ್ದು ಸಹಜ. ಆದರೆ ಬೆಂಗಳೂರಿನ ಸ್ಟೆಮ್‌ಪ್ಯೂಟಿಕ್ಸ್ ಸಂಸ್ಥೆಗೆ 2016ರಲ್ಲಿ, ಕೈಕಾಲಿನ ರಕ್ತನಾಳಗಳು ಕಟ್ಟಿಕೊಳ್ಳುವ ಬರ್ಜರ್ ಕಾಯಿಲೆಗಾಗಿ ಸೀಮಿತ ಅನುಮತಿ ದೊರೆತ ಕೋಶೌಷಧದ ಮೂಲ ಅಸ್ಥಿಮಜ್ಜೆ, ಗರ್ಭಜಲವಲ್ಲ.

ಪೊರೆ ಗಳಿಸಿದ ಹೆಸರನ್ನು ಗರ್ಭಜಲದ ಕೋಶಗಳ ಲೆಕ್ಕಕ್ಕೆ ಬರೆದುಕೊಳ್ಳುವ ಜಾಹೀರಾತುಗಳಿಗೆ ಈ ಚರಿತ್ರೆಯೇ ಉತ್ತರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ, ಹೊಕ್ಕುಳಬಳ್ಳಿಯ ರಕ್ತವೊಂದನ್ನು ಬಿಟ್ಟು ಉಳಿದ ಜೈವಿಕ ವಸ್ತುಗಳ ವಾಣಿಜ್ಯ ಬ್ಯಾಂಕಿಂಗ್‌ಗೆ ಅವಕಾಶ ಕೊಟ್ಟಿಲ್ಲ. ಕಣ್ಣಿಗೆ ಹಾಸುವ ಪೊರೆ ಬರುವ ದಾರಿಯೇ ಬೇರೆ: ಸಿಸೇರಿಯನ್ ಹೆರಿಗೆಯಾದ ತಾಯಿಯ ಒಪ್ಪಿಗೆ ಪಡೆದು, ಅವಳ ರಕ್ತದಲ್ಲಿ ಎಚ್‌ಐವಿ, ಹೆಪಟೈಟಿಸ್, ಸಿಫಿಲಿಸ್ ಇಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಅದು ಶೀತಲಪೆಟ್ಟಿಗೆ ಸೇರುತ್ತದೆ.