ಉದ್ರಿ ವಹಿ ಮತ್ತು ಹಿನ್ನೀರು

1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಆಲಮಟ್ಟಿ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ಪಕ್ಕದ ನಿಡಗುಂದಿ ಆಗ ಬಸವನ ಬಾಗೇವಾಡಿ ತಾಲ್ಲೂಕಿನ ಊರು. ಈ ಚರಿತ್ರೆಯನ್ನ ಎಂಜಿನಿಯರನ ನಕ್ಷೆ ಬಿಟ್ಟು ಕಿರಾಣಿ ಅಂಗಡಿ ಗಲ್ಲಾದ ಕಡೆಯಿಂದ ನೋಡೋಣ.

ನಮ್ಮ ಕಡೆ ಒಕ್ಕಲಿಗನ ಕೈಗೆ ರೊಕ್ಕ ಬರೋದು ಸುಗ್ಗಿಗೆ. ಅಲ್ಲೀತನಕ ಎಣ್ಣೆ, ಬೆಲ್ಲ, ಚಹಾಪುಡಿ ಎಲ್ಲಾ ಉದ್ರಿ. ಪೇಟೆಯ ಸಗಟು ವ್ಯಾಪಾರಿ ಮಾತ್ರ ಸುಗ್ಗಿತನಕ ಕಾಯೋದಿಲ್ಲ. ನಾವು ಆಫೀಸಿನಲ್ಲಿ ವರ್ಕಿಂಗ್ ಕ್ಯಾಪಿಟಲ್ ಅಂತ ಸ್ಲೈಡ್ ಮಾಡ್ತೀವಲ್ಲ, ಅದು ಇದೇ. ಅಂಗಡಿಗಳ ಪೈಪೋಟಿ ನಾಲ್ಕಾಣೆ ಕಡಿಮೆ ಬೆಲೆಗಿಂತ ಹೆಚ್ಚಾಗಿ, ಯಾರು ಎಷ್ಟು ತಿಂಗಳು ತಡಕೋತಾರೆ ಅನ್ನೋದರ ಮೇಲೆ. ಅಣೆಕಟ್ಟಿನ ಕೂಲಿಗೆ ಸುಗ್ಗಿಯ ಹಂಗಿಲ್ಲ. ಅಂಥ ಗಿರಾಕಿ ಸಿಕ್ಕವನ ರೊಕ್ಕ ಬೇಗ ತಿರುಗ್ತದೆ, ಮಾಲು ಹೆಚ್ಚಿಸಬಹುದು.

ಮುಂದೆ ಹಿನ್ನೀರು ಬಂತು. ಕೃಷ್ಣೆಯ ದಂಡೆಯ ಊರುಗಳು ಮುಳುಗಿದವು, ಜನ ಪುನರ್ವಸತಿ ಕೇಂದ್ರಗಳಿಗೆ ಹೋದರು. ಭೂಸ್ವಾಧೀನದವರು ನೆಲ, ಗೋಡೆ, ಗಿಡ ಎಣಿಸ್ತಾರೆ. ಮುಳುಗಡೆ ಊರಿನ ಅಂಗಡಿಯವನ ಆಸ್ತಿ ಇದ್ದದ್ದು ಉದ್ರಿ ವಹಿಯಲ್ಲಿ. ಗಿರಾಕಿ ಒಂದು ಕೇಂದ್ರಕ್ಕೆ, ತಾನು ಇನ್ನೊಂದಕ್ಕೆ ಹೋದರೆ ಬಾಕಿ ಕೇಳೋಕೆ ಬಸ್ ಚಾರ್ಜು ಬೇರೆ. ಹೊಸ ಊರಲ್ಲಿ ಯಾರಿಗೆ ಉದ್ರಿ ಕೊಡಬಹುದು ಅಂತ ಮತ್ತೆ ಮೊದಲಿಂದ ಕಲೀಬೇಕು.