ಮಣ್ಣಿನ ಅತ್ತರು, ಡಾಂಬರಿನ ಪರಿಮಳ

ಇಮ್ಮಡಿ ಪುಲಿಕೇಶಿಯು ನರ್ಮದೆಯ ತೀರದಲ್ಲಿ ತಡೆದು ನಿಲ್ಲಿಸಿದ ಹರ್ಷವರ್ಧನನ ರಾಜಧಾನಿಯೆಂದೇ ಕನ್ನಡಿಗರಿಗೆ ಪರಿಚಿತವಾದ ಕನೌಜ್ ನಗರವು ಸಾಮ್ರಾಜ್ಯದ ವೈಭವವನ್ನು ಕಳೆದುಕೊಂಡು ಶತಮಾನಗಳೇ ಸಂದಿದ್ದರೂ ಅತ್ತರಿನ ಕಸುಬನ್ನು ಮಾತ್ರ ಕೈಬಿಟ್ಟಿಲ್ಲ. ಗುಲಾಬಿ, ಮಲ್ಲಿಗೆ, ಕೇದಗೆಗಳಿಂದ ಪರಿಮಳವನ್ನು ತೆಗೆಯುವುದರಲ್ಲಿ ವಿಸ್ಮಯವೇನಿದೆ? ಹೂವಿನ ಧರ್ಮವೇ ಅದು. ಆದರೆ ಎಲೆಯಿಲ್ಲದ, ಎಸಳಿಲ್ಲದ, ನಾವು ತುಳಿದು ನಡೆಯುವ ಮಣ್ಣನ್ನೇ ಭಟ್ಟಿಗೆ ಹಾಕಿ, ಮೊದಲ ಮಳೆಯ ಕಂಪನ್ನು ಕುಪ್ಪಿಯಲ್ಲಿ ಹಿಡಿದಿಡಬಹುದೆಂದು ಎಣಿಸಿದವನ ಕಲ್ಪನೆ ಸಾಮಾನ್ಯವಾದುದಲ್ಲ.

ಆ ಕೆಲಸವನ್ನು ತುಸು ಹತ್ತಿರದಿಂದ ನೋಡಬೇಕು. ಕುಂಬಾರನು ಬಿಲ್ಲೆಗಳಾಗಿ ತಟ್ಟಿ ಆವಗೆಯಲ್ಲಿ ಸುಟ್ಟುಕೊಟ್ಟ ಮಣ್ಣನ್ನು 'ದೇಗ್' ಎಂಬ ತಾಮ್ರದ ಹಂಡೆಯಲ್ಲಿ ತುಂಬಿ, ನೀರೆರೆದು, ಮುಚ್ಚಳದ ಸಂದುಗಳನ್ನು ಹತ್ತಿ ಬೆರೆಸಿದ ಜೇಡಿಮಣ್ಣಿನಿಂದ ಮೆತ್ತಿ, ಕೆಳಗೆ ಕಟ್ಟಿಗೆ ಬೆರಣಿಗಳ ಬೆಂಕಿ ಹೂಡುವರು. ಹಗ್ಗ ಸುತ್ತಿದ ಬಿದಿರಿನ ನಾಳದಲ್ಲಿ ಇಳಿದ ಹಬೆಯು, ನೀರಿನ ತೊಟ್ಟಿಯಲ್ಲಿ ಮುಳುಗಿರುವ 'ಭಪ್ಕಾ' ಎಂಬ ಉದ್ದಗೊರಳಿನ ಪಾತ್ರೆಯನ್ನು ಹೊಕ್ಕು ತಣಿದು, ಅಲ್ಲಿ ಮೊದಲೇ ಎರೆದಿಟ್ಟ ಶ್ರೀಗಂಧದೆಣ್ಣೆಗೆ ತನ್ನ ಕಂಪನ್ನು ಒಪ್ಪಿಸುವುದು. ಉಷ್ಣಮಾಪಕದ ಹಂಗಿಲ್ಲ, ಪಾತ್ರೆಯ ಮೈಯನ್ನು ಮುಟ್ಟಿ ನೋಡಿ, ಒಳಗಿನ ಸದ್ದನ್ನು ಆಲಿಸಿ, ಬೆಂಕಿಯನ್ನು ಏರಿಸುವುದೂ ಇಳಿಸುವುದೂ ಭಟ್ಟಿಯವನ ವಿದ್ಯೆ. ಸಿದ್ಧವಾದ ಅತ್ತರನ್ನು ಚರ್ಮದ ಕುಪ್ಪಿಯಲ್ಲಿಟ್ಟರೆ ಉಳಿದ ತೇವವು ಚರ್ಮದ ಮೂಲಕವೇ ಆರಿಹೋಗುವುದು. ಮಣ್ಣು ಉತ್ತರದ್ದಾದರೂ, ಅದರ ಕಂಪನ್ನು ಹೊತ್ತ ಗಂಧವು ದಕ್ಷಿಣದ ಕಾಡುಗಳದು, ನಮ್ಮ ಮೈಸೂರು ಸೀಮೆಯದೂ ಹೌದು.

ವಿಜ್ಞಾನವು ಈ ಕಂಪಿನ ಕಾರಣವನ್ನು ಅರಸಿದ್ದು ಬಹು ತಡವಾಗಿ. ಒಣಗಾಲದಲ್ಲಿ ಕಲ್ಲುಮಣ್ಣುಗಳು ಹೀರಿಕೊಂಡ ತೈಲಾಂಶವೇ ತೇವ ತಾಗಿದೊಡನೆ ಹೊಮ್ಮುವುದೆಂದು ಆಸ್ಟ್ರೇಲಿಯದ ಇಸಬೆಲ್ ಬೇರ್ ಮತ್ತು ರಿಚರ್ಡ್ ಥಾಮಸ್ 1964ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಪ್ರತಿಪಾದಿಸಿದರು. ಅದೇ ಪ್ರಬಂಧದಲ್ಲಿ ಉತ್ತರ ಪ್ರದೇಶದ ಮಣ್ಣಿನ ಅತ್ತರನ್ನೂ ಸ್ಮರಿಸಿದುದು ಅವರ ಸೌಜನ್ಯ. ಮಣ್ಣಿನ ಸೂಕ್ಷ್ಮಜೀವಿಗಳು ಹುಟ್ಟಿಸುವ ಜಿಯೋಸ್ಮಿನ್ ಎಂಬ ದ್ರವ್ಯವನ್ನು ಅಮೆರಿಕದಲ್ಲಿ ಬೇರ್ಪಡಿಸಿದ್ದು ಮರುವರ್ಷ.

ಯೂರೋಪಿನ ಗಂಧಕಾರರು ನಿರ್ಜೀವ ವಸ್ತುಗಳತ್ತ ನಡೆದ ದಾರಿಯೇ ಬೇರೆ; ಅದು ಕಲ್ಲಿದ್ದಲಿನ ಡಾಂಬರಿನಿಂದ ಹೊರಟಿತು. ಡಾಂಬರಿನಿಂದ ಕೃತಕ ವರ್ಣವನ್ನು ತೆಗೆದು ಪ್ರಸಿದ್ಧನಾಗಿದ್ದ ವಿಲಿಯಂ ಪರ್ಕಿನ್ 1868ರಲ್ಲಿ, ಒಣಹುಲ್ಲಿನ ಸೌರಭವುಳ್ಳ ಕೌಮರಿನ್ನನ್ನು ಪ್ರಯೋಗಶಾಲೆಯಲ್ಲಿ ಸಂಶ್ಲೇಷಿಸಿದನು. ಅದನ್ನು ಬಳಸಿ 1882ರಲ್ಲಿ ಪಾಲ್ ಪಾರ್ಕೆ ರಚಿಸಿದ 'ಫೂಜೇರ್ ರೊಯಾಲ್' ಎಂಬ ಸುಗಂಧವು ಜರೀಗಿಡದ ಹೆಸರನ್ನು ಹೊತ್ತಿತ್ತು. ಜರೀಗಿಡಕ್ಕಾದರೋ ಹೇಳಿಕೊಳ್ಳುವಂಥ ವಾಸನೆಯೇ ಇಲ್ಲ! ಇಲ್ಲದ ಗಂಧವನ್ನು ಊಹಿಸಿ ಕಟ್ಟುವ ಸ್ವಾತಂತ್ರ್ಯವು ಸುಗಂಧಕಲೆಗೆ ದೊರೆತುದು ಆಗಲೇ ಎಂದು ನನ್ನ ಭಾವನೆ. ಆ ಸ್ವಾತಂತ್ರ್ಯದ ಪರಮಾವಧಿಯನ್ನು ಜಪಾನಿನ ರೇ ಕವಾಕುಬೋ ಸ್ಥಾಪಿಸಿದ 'ಕಾಮ್ ದೆ ಗಾರ್ಸೋನ್' ಸಂಸ್ಥೆಯಲ್ಲಿ ಕಾಣಬಹುದು: 1998ರ 'ಓಡರ್ 53', ಬಿಸಿ ಬಲ್ಬಿನ ಮೇಲಣ ಧೂಳನ್ನು ನೆನಪಿಗೆ ತರುವ 2000ದ 'ಓಡರ್ 71', 2004ರಲ್ಲಿ ಡಾಂಬರು, ಗ್ಯಾರೇಜು, ಡ್ರೈಕ್ಲೀನಿಂಗ್ ಅಂಗಡಿಗಳ ಹೆಸರಿನಲ್ಲೇ ಬಂದ ಮಾಲಿಕೆ. ಇವು ಆ ವಸ್ತುಗಳ ಸಾರವಲ್ಲ, ಅವುಗಳ ಭ್ರಾಂತಿ. ಲೋಹದ ಗಂಧವೆಂಬುದೂ ಅಂಥದೇ: ಕಬ್ಬಿಣ ಮುಟ್ಟಿದ ಕೈಯಲ್ಲಿ ನಮಗೆ ಬರುವ ವಾಸನೆಯು ನಮ್ಮದೇ ಚರ್ಮದ ಜಿಡ್ಡು ಒಡೆದು ಹುಟ್ಟಿದುದೆಂದು 2006ರಲ್ಲಿ ರಸಾಯನಜ್ಞರು ತೋರಿಸಿಕೊಟ್ಟರು.

ಸುಗಂಧಕಲೆಯ ಇಂಥ ಭ್ರಾಂತಿಗಳಿಗಿಂತ ಕನೌಜಿನ ಮಣ್ಣೇ ನನಗೆ ಹೆಚ್ಚು ಪ್ರಿಯ. ಆದರೂ ಅದನ್ನು ಕೇವಲ ಪ್ರಕೃತಿಯ ಕೊಡುಗೆಯೆಂದು ಹೊಗಳುವಂತಿಲ್ಲ. ಶ್ರೀಗಂಧದ ಬೆಲೆ ಕೈಗೆಟುಕದಾದ ಮೇಲೆ, ಪೆಟ್ರೋಲಿಯಮ್ಮಿನಿಂದ ಬಂದ ದ್ರವ ಪ್ಯಾರಾಫಿನ್ನನ್ನು ಭಪ್ಕಾದಲ್ಲಿ ಎರೆಯುವವರು ಅಲ್ಲಿ ಅನೇಕರು. ಅದು ಮಣ್ಣಿನ ಕಂಪನ್ನು ಹಿಡಿದುಕೊಳ್ಳುವುದು ನಿಜ, ಆದರೆ ಶ್ರೀಗಂಧದಂತೆ ತನ್ನದೇನನ್ನೂ ಕೂಡಿಸಲಾರದು. ಬೆಲೆಯನ್ನು ಮಾತ್ರ ಇಳಿಸುವುದು.