ಹಿಮನದಿ ಚಾರಣ: ಉಡುಪು ಹೇಗಿರಬೇಕು, ಎಚ್ಚರ ಏನಿರಬೇಕು?

ಐಸ್‌ಲ್ಯಾಂಡ್‌ಗೆ ಹೋಗುವ ಪ್ರವಾಸಿಗರ ಪ್ರಮುಖ ಆಕರ್ಷಣೆಗಳಲ್ಲಿ ಹಿಮನದಿಯ ಮೇಲಿನ ನಡಿಗೆಯೂ ಒಂದು. ರಾಜಧಾನಿ ರೇಕ್ಯಾವಿಕ್‌ನಿಂದ ಸುಮಾರು 160 ಕಿ.ಮೀ. ದೂರದ ಸೋಲ್‌ಹೇಮಯೋಕುಲ್ ಇದಕ್ಕೆ ಹೆಸರಾದ ತಾಣ. ಅಲ್ಲಿನ ಭಾಷೆಯಲ್ಲಿ 'ಯೋಕುಲ್' ಎಂದರೆ ಹಿಮನದಿ. ಅನುಭವವಿಲ್ಲದವರೂ ಮಾರ್ಗದರ್ಶಿಯೊಡನೆ ಇಲ್ಲಿ ನಡೆಯಬಹುದು. ಆದರೆ ಹಿಮನದಿಯೆಂದರೆ ನಿಶ್ಚಲವಾದ ಮಂಜುಗಡ್ಡೆಯಲ್ಲ. ತನ್ನ ಭಾರಕ್ಕೆ ತಾನೇ ನಿಧಾನವಾಗಿ ಇಳಿಜಾರಿನತ್ತ ಸರಿಯುವ, ಬಿರಿಯುವ, ಕರಗುವ ಹಿಮರಾಶಿ. ಕಳೆದ ವಾರ ಇದ್ದ ದಾರಿ ಈ ವಾರ ಇರಬೇಕೆಂದಿಲ್ಲ. ಸಿದ್ಧತೆ ಈ ತಿಳಿವಳಿಕೆಯಿಂದಲೇ ಆರಂಭವಾಗಬೇಕು.

ಉಡುಪು

ಹತ್ತಿ ಬಟ್ಟೆ, ಅದರಲ್ಲೂ ಜೀನ್ಸ್ ಸಲ್ಲದು. ಒದ್ದೆಯಾದ ಹತ್ತಿ ಬೇಗ ಒಣಗದೆ ಮೈಯ ಶಾಖವನ್ನು ಕಸಿಯುತ್ತದೆ. ಮೂರು ಪದರಗಳ ಉಡುಪು ಸೂಕ್ತ. ಮೈಗೆ ತಾಗುವಂತೆ ಉಣ್ಣೆಯ ಅಥವಾ ಪಾಲಿಯೆಸ್ಟರ್ ಒಳ ಉಡುಪು, ಅದರ ಮೇಲೆ ಫ್ಲೀಸ್ ಅಥವಾ ಸ್ವೆಟರ್, ಹೊರಗೆ ಗಾಳಿ ಮಳೆ ತಡೆಯುವ ಜಾಕೆಟ್ ಮತ್ತು ಪ್ಯಾಂಟ್ ಇರಲಿ. ಏರುವಾಗ ಬೆವರು, ನಿಂತಾಗ ನಡುಕ ಇಲ್ಲಿ ಸಹಜವಾದ್ದರಿಂದ ಪದರಗಳನ್ನು ಕಳಚಿ ಮತ್ತೆ ತೊಡುವಂತಿರಬೇಕು. ಬೇಸಿಗೆಯಲ್ಲೂ ಈ ನಿಯಮಕ್ಕೆ ವಿನಾಯಿತಿ ಇಲ್ಲ.

ಕೈಗವಸು ಚಳಿಗಷ್ಟೇ ಅಲ್ಲ. ಒರಟಾದ ಹಿಮದ ಮೇಲೆ ಕೈಯೂರಿ ಬಿದ್ದರೆ ಚರ್ಮ ತರಚಿಹೋಗುತ್ತದೆ. ಹೆಲ್ಮೆಟ್ಟಿನ ಒಳಗೆ ಹಿಡಿಸುವಂಥ ತೆಳುವಾದ ಟೋಪಿಯೂ ಅಗತ್ಯ. ಬಿಸಿಲು ಹಿಮದಿಂದ ಪ್ರತಿಫಲಿಸುವುದರಿಂದ ತಂಪು ಕನ್ನಡಕ ಮತ್ತು ಸನ್‌ಸ್ಕ್ರೀನ್ ಮರೆಯಬಾರದು.

ಬೂಟು ಮತ್ತು ಸಲಕರಣೆ

ಪಾದದ ಗಂಟನ್ನು ಮುಚ್ಚುವ, ಗಡಸು ಅಟ್ಟೆಯ ಚಾರಣ ಬೂಟುಗಳೇ ಬೇಕು. ಬೂಟಿಗೆ ಬಿಗಿಯುವ ಮುಳ್ಳಿನ ಚೌಕಟ್ಟಾದ ಕ್ರ್ಯಾಂಪನ್, ಮೆತ್ತನೆಯ ಓಟದ ಶೂಗಳ ಮೇಲೆ ನಿಲ್ಲದೆ ಕಳಚಿಕೊಳ್ಳುತ್ತದೆ. ಕ್ರ್ಯಾಂಪನ್, ಹೆಲ್ಮೆಟ್, ಸೊಂಟಕ್ಕೆ ಕಟ್ಟುವ ಹಾರ್ನೆಸ್ ಮತ್ತು ಹಿಮಗೊಡಲಿಯನ್ನು ಸಾಮಾನ್ಯವಾಗಿ ಸಂಘಟಕರೇ ಕೊಡುತ್ತಾರೆ. ಬೂಟು ಬಾಡಿಗೆಗೆ ದೊರೆಯುವುದೇ ಎಂಬುದನ್ನು ಮೊದಲೇ ವಿಚಾರಿಸುವುದು ಒಳಿತು.

ಏನನ್ನು ನಿರೀಕ್ಷಿಸಬೇಕು?

ಮೂರು ಗಂಟೆಯ ಚಾರಣವೆಂದರೆ ಅಷ್ಟೂ ಹೊತ್ತು ಹಿಮದ ಮೇಲಿರುವುದಿಲ್ಲ. ಸಲಕರಣೆ ತೊಡಲು ಮತ್ತು ಹಿಮದ ಅಂಚನ್ನು ತಲುಪಲು ಸಾಕಷ್ಟು ಸಮಯ ಹಿಡಿಯುತ್ತದೆ. ಹಿಮನದಿ ಹಿಂದೆ ಸರಿಯುತ್ತಿರುವುದರಿಂದ ಒಂದು ಕಾಲಕ್ಕೆ ಹಿಮವಿದ್ದೆಡೆ ಈಗ ಸರೋವರವಿದೆ.

ಹಿಮವೆಲ್ಲ ಬೆಳ್ಳಗಿರುವುದೆಂದು ಭಾವಿಸುವಂತಿಲ್ಲ. ಜ್ವಾಲಾಮುಖಿಗಳ ಬೂದಿಯಿಂದ ಅಲ್ಲಲ್ಲಿ ಕಪ್ಪು ಪಟ್ಟೆಗಳು ಕಾಣುತ್ತವೆ. 1918ರಲ್ಲಿ ಭಾರಿ ಪ್ರಮಾಣದಲ್ಲಿ ಸಿಡಿದ ಕಟ್ಲಾ ಜ್ವಾಲಾಮುಖಿ ಇರುವುದು, ಸೋಲ್‌ಹೇಮಯೋಕುಲ್ ಕವಲೊಡೆದಿರುವ ಮಿರ್ದಾಲ್ಸ್‌ಯೋಕುಲ್ ಹಿಮರಾಶಿಯ ಅಡಿಯಲ್ಲೇ.

ನಡೆಯುವಾಗ ಕಾಲುಗಳ ನಡುವೆ ಅಂತರವಿರಿಸಿ, ಕ್ರ್ಯಾಂಪನ್ನಿನ ಮುಳ್ಳುಗಳೆಲ್ಲ ನಾಟುವಂತೆ ಪಾದವನ್ನು ಸಮತಟ್ಟಾಗಿ ಊರಬೇಕು. ಆಳವಾದ ಬಿರುಕುಗಳೂ ಕರಗಿದ ನೀರು ಧುಮುಕುವ ಬಾವಿಯಂಥ ಕುಳಿಗಳೂ ಇರುವುದರಿಂದ, ಛಾಯಾಚಿತ್ರಕ್ಕೆಂದು ಒಂದೆರಡು ಹೆಜ್ಜೆಯೂ ಸಾಲು ಬಿಟ್ಟು ಹೋಗಬಾರದು.

ಮಾರ್ಗದರ್ಶಿಯ ಮಾತೇ ಅಂತಿಮ

ಮಾರ್ಗದರ್ಶಿಯಿದ್ದರೆ ಅಪಾಯ ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ. 2024ರ ಆಗಸ್ಟ್ 25ರಂದು ಐಸ್‌ಲ್ಯಾಂಡ್‌ನ ಬ್ರೇದಾಮೆರ್ಕುರ್‌ಯೋಕುಲ್ ಹಿಮನದಿಯಲ್ಲಿ, ಮಾರ್ಗದರ್ಶಿಗಳೊಡನೆ ಹಿಮಗುಹೆ ನೋಡಲು ಹೋಗಿದ್ದ ತಂಡದ ಮೇಲೆ ಹಿಮ ಕುಸಿದು ಒಬ್ಬ ಪ್ರವಾಸಿ ಸಾವಿಗೀಡಾದರು, ಮತ್ತೊಬ್ಬರು ಗಾಯಗೊಂಡರು. ಆದ್ದರಿಂದ ಮುಂಗಡ ಹಣ ಪಾವತಿಸುವ ಮುನ್ನವೇ ಮಾರ್ಗದರ್ಶಿಯ ತರಬೇತಿ, ತಂಡದ ಗಾತ್ರ, ಚಾರಣ ರದ್ದಾದರೆ ಹಣ ಮರಳಿಸುವ ನಿಯಮಗಳನ್ನು ಕೇಳಿ ತಿಳಿಯಬೇಕು. ಹೃದ್ರೋಗ, ಮಂಡಿನೋವು, ಗರ್ಭಾವಸ್ಥೆಯ ವಿಷಯವನ್ನು ಮುಚ್ಚಿಡಬಾರದು. ಅಲ್ಲಿನ ತುರ್ತು ಕರೆ ಸಂಖ್ಯೆ 112.

ಗಾಳಿ ಜೋರಾದಾಗ, ಬಿರುಕು ಹಿಗ್ಗಿರುವುದು ಕಂಡಾಗ ಮಾರ್ಗದರ್ಶಿ ಅರ್ಧದಾರಿಯಲ್ಲೇ ತಂಡವನ್ನು ಹಿಂದಿರುಗಿಸಬಹುದು. ದೂರದಿಂದ ಬಂದವರಿಗೆ ನಿರಾಸೆಯಾಗುವುದು ಸಹಜ. ಆದರೆ ತೆತ್ತ ಹಣ ಹಿಮದ ಮೇಲಿನ ನಡಿಗೆಗೆ ಮಾತ್ರವಲ್ಲ, ಆ ನಿರ್ಧಾರಕ್ಕೂ ಸಂದದ್ದು ಎಂಬುದು ನೆನಪಿರಲಿ.